ತಟ್ಟೆ ಆಕಾಶ ನೋಡುತ್ತೆ, ಕಂಪನಿ ಪಿನ್‌ಕೋಡ್ ನೋಡುತ್ತೆ

ಮೊನ್ನೆ ನಮ್ಮ ಸೊಸೈಟಿಯ ನೋಟೀಸ್ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದ್ದರು. ಮಳೆಗಾಲಕ್ಕೆ ಮುಂಚೆ ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸುತ್ತಾರಂತೆ, ಬಳಸದ ಡಿಶ್‌ಗಳನ್ನು ಅವರವರೇ ಇಳಿಸಿಕೊಳ್ಳಬೇಕಂತೆ. ಭಾನುವಾರ ಬೆಳಿಗ್ಗೆ ಪಾನಾ ಹಿಡಿದುಕೊಂಡು ಮೇಲೆ ಹತ್ತಿದೆ. ತುಕ್ಕು ಹಿಡಿದ ತಟ್ಟೆಗಳ ಸಾಲಿನಲ್ಲಿ ಮೂರು ನನ್ನವು. ಮೂರೂ ಬೇರೆ ಬೇರೆ ಕಂಪನಿಯವು. "ಒಂದು ಮನೆಗೆ ಮೂರು ಯಾಕೆ ಸಾಬ್?" ಅಂತ ವಾಚ್‌ಮನ್ ನಕ್ಕ. ನಾನೂ ನಕ್ಕೆ. ಕೆಳಗೆ ಬಂದ ಮೇಲೆ ಸಿಟ್ಟು ಬಂತು. ಆ ಸಿಟ್ಟನ್ನೇ ಇಲ್ಲಿ ಬರೆಯುತ್ತಿದ್ದೇನೆ, ಓದಿಕೊಳ್ಳಿ.

ಮೂರೂ ತಟ್ಟೆ ಹಾಕಿಸಿದ್ದು ಒಂದೇ ಕಾರಣಕ್ಕೆ. ಡೊಂಬಿವಲಿಯ ಈ ಎರಡು ಕೋಣೆಯ ಮನೆಯಲ್ಲಿ ಕನ್ನಡ ಕೇಳಿಸಲಿ ಅಂತ.

ನಾನು ಹಾವೇರಿ ಬಿಟ್ಟು ಮುಂಬೈಗೆ ಬಂದದ್ದು 1986ರಲ್ಲಿ. ಆಗ ಟಿವಿಯಲ್ಲಿ ಕನ್ನಡ ಅನ್ನೋದನ್ನು ನಾವ್ಯಾರೂ ನಿರೀಕ್ಷಿಸಿದವರೇ ಅಲ್ಲ. 1994ರಲ್ಲಿ ಉದಯ ಬಂತು, 2000ದ ಕೊನೆಗೆ ಈಟಿವಿ ಕನ್ನಡ ಬಂತು. ನಮ್ಮ ಕಟ್ಟಡದ ನಾಲ್ಕು ಕನ್ನಡದ ಮನೆಯವರು ಕೇಬಲ್‌ವಾಲಾನ ಹಿಂದೆ ಬಿದ್ದು, ಚಹಾ ಕುಡಿಸಿ, ಕೊನೆಗೆ ಜಗಳ ಆಡಿ ಒಂದು ಚಾನೆಲ್ ಹಾಕಿಸಿಕೊಂಡೆವು. ಅವನು ಹೇಳಿದ್ದು ನ್ಯಾಯವಾಗಿತ್ತು ಬಿಡಿ. ಅವನ ಹತ್ತಿರ ಜಾಗ ಕಡಿಮೆ. ಒಂದು ಚಾನೆಲ್ ಹಾಕಬೇಕು ಅಂದರೆ ಇನ್ನೊಂದು ತೆಗೆಯಬೇಕು. ತೆಗೆದರೆ ಅದರ ಮಂದಿ ಅವನ ಮನೆ ಮುಂದೆ ಬಂದು ನಿಲ್ಲುತ್ತಾರೆ.

ಆಮೇಲೆ ಡಿಟಿಎಚ್ ಕಾಲ ಬಂತು. 2003ರಲ್ಲಿ ಡಿಶ್ ಟಿವಿ, 2004ರ ಡಿಸೆಂಬರಿನಲ್ಲಿ ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್, 2006ರಲ್ಲಿ ಟಾಟಾ ಸ್ಕೈ, 2007ರ ಕೊನೆಗೆ ಸನ್ ಡೈರೆಕ್ಟ್, 2008ರಲ್ಲಿ ಬಿಗ್ ಟಿವಿ ಮತ್ತು ಏರ್‌ಟೆಲ್, 2009ರಲ್ಲಿ ವಿಡಿಯೋಕಾನ್ ಡಿಟುಎಚ್. ಡಿಡಿ ಬಿಟ್ಟರೆ ಆರು ಕಂಪನಿ, ಒಂದರ ಮೇಲೊಂದು ಜಾಹೀರಾತು, ದೊಡ್ಡ ದೊಡ್ಡ ಸಿನಿಮಾ ನಟರು. ಪೈಪೋಟಿ ಹುಟ್ಟಿತು, ಇನ್ನು ಗಿರಾಕಿಯೇ ರಾಜ ಅಂದರು. ನಾನೂ ನಂಬಿದೆ.

ಅಪ್ಪ ಹೋದ ಮೇಲೆ 2008ರಲ್ಲಿ ಅವ್ವ ನಮ್ಮ ಮನೆಗೆ ಬಂದಳು. ನಾನು, ನನ್ನ ಹೆಂಡತಿ ಬೆಳಿಗ್ಗೆ ಏಳರ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿ ಎಂಟಕ್ಕೆ. ಮಗಳು ಶಾಲೆಗೆ. ಅವ್ವನಿಗೆ ಹಿಂದಿ ಬರದು, ಮರಾಠಿ ಬರದು. ಎರಡನೇ ವಾರವೇ ಕೇಳಿದಳು: "ಯಪ್ಪಾ, ಈ ಡಬ್ಬಿಯೊಳಗ ನಮ್ಮ ಮಾತು ಬರೂದಿಲ್ಲೇನೋ?" ಹನ್ನೆರಡು ಗಂಟೆ ಒಬ್ಬಳೇ ಕೂತಿರುವ ಹೆಂಗಸಿಗೆ ಟಿವಿ ಅಂದರೆ ಮನರಂಜನೆ ಅಲ್ಲ ಸ್ವಾಮಿ, ಮನೆಯಲ್ಲಿ ಇನ್ನೊಬ್ಬರು ಮಾತಾಡುತ್ತಿದ್ದಾರೆ ಅನ್ನುವ ಧೈರ್ಯ.

ಮೊದಲನೇ ಕಂಪನಿಗೆ ಫೋನ್ ಮಾಡಿದೆ. ಕನ್ನಡ ಚಾನೆಲ್ ಇದೆಯಾ? ಇದೆ ಸಾರ್. ಜಾಹೀರಾತಿನಲ್ಲಿ ತೋರಿಸುವ ದಕ್ಷಿಣದ ಪ್ಯಾಕ್ ಕೊಡಿ. "ಸಾರಿ ಸರ್, ವೋ ಆಪ್ ಕೇ ಲಿಯೇ ನಹೀಂ ಹೈ." ಯಾಕ್ರೀ? ನಿಮ್ಮ ಪಿನ್‌ಕೋಡ್ ಮಹಾರಾಷ್ಟ್ರದ್ದು. ಆ ಪ್ಯಾಕ್ ದಕ್ಷಿಣದ ನಾಲ್ಕು ರಾಜ್ಯದವರಿಗೆ ಮಾತ್ರ. ನೀವು ಇಲ್ಲಿನ ದುಬಾರಿ ಪ್ಯಾಕ್ ತೆಗೆದುಕೊಂಡು, ಅದರ ಮೇಲೆ ಕನ್ನಡಕ್ಕೆ ಬೇರೆ ದುಡ್ಡು ಕಟ್ಟಬೇಕು. ಹಾವೇರಿಯಲ್ಲಿ ಅಣ್ಣ ಕೊಡುತ್ತಿದ್ದುದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಕೇಬಲ್‌ವಾಲಾನಿಗೆ ಜಾಗ ಇರಲಿಲ್ಲ, ಒಪ್ಪಿದೆ. ಇವರಿಗೇನು ಕಷ್ಟ? ಉಪಗ್ರಹ 36 ಸಾವಿರ ಕಿಲೋಮೀಟರ್ ಮೇಲಿದೆ. ಅಲ್ಲಿಂದ ಬೀಳುವ ತರಂಗ ಹಾವೇರಿಯ ಮೇಲೂ ಬೀಳುತ್ತೆ, ಡೊಂಬಿವಲಿಯ ಮೇಲೂ ಬೀಳುತ್ತೆ, ದಿಲ್ಲಿಯ ಮೇಲೂ ಬೀಳುತ್ತೆ. ಕನ್ನಡದ ಚಾನೆಲ್ ನನ್ನ ತಟ್ಟೆಗೆ ಆಗಲೇ ಬಂದು ಕೂತಿದೆ! ಅದನ್ನು ತೆರೆಯಲು ಬೇಕಾದ್ದು ಕಂಪನಿಯ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತುವುದು, ಅಷ್ಟೇ. ಗಡಿ ಆಕಾಶದಲ್ಲಿ ಇರಲಿಲ್ಲ, ಅವರ ದರಪಟ್ಟಿಯಲ್ಲಿತ್ತು.

ಪಕ್ಕದ ವಿಂಗಿನ ಶೆಟ್ಟರು ಉಪಾಯ ಹೇಳಿಕೊಟ್ಟರು. "ಊರಿನ ಅಡ್ರೆಸ್ ಕೊಟ್ಟು ಅಲ್ಲೇ ತಗೊಳ್ಳಿ ಮಾರಾಯ್ರೆ, ನಾವೆಲ್ಲ ಮಾಡಿದ್ದು ಹಾಗೇ." ಸರಿ, ಅಣ್ಣ ಹಾವೇರಿಯಲ್ಲಿ ತನ್ನ ಹೆಸರಿನಲ್ಲಿ ಎರಡನೇ ಕಂಪನಿಯ ಡಬ್ಬಿ ಕೊಂಡು ಬಸ್ಸಿನಲ್ಲಿ ಹೊತ್ತು ತಂದ. ಅವ್ವನ ಮುಖ ಅರಳಿತು. ಎರಡು ವರ್ಷ ಚೆನ್ನಾಗಿ ನಡೆಯಿತು.

ಮಳೆ ಜೋರಾದಾಗ ಚಿತ್ರ ಮಾಯ ಆಗುತ್ತಿತ್ತು. ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಕೆಯು ಬ್ಯಾಂಡ್ ತರಂಗ ದಪ್ಪ ಮಳೆಗೆ ಸೋಲುತ್ತೆ, ಎಲ್ಲಾ ಕಂಪನಿಯದೂ ಅದೇ ಕಥೆ. ಆದರೆ ಒಂದು ದಿನ ಡಬ್ಬಿಯೇ ಕೆಟ್ಟಿತು. ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಿದ ಹುಡುಗಿ, ಎಷ್ಟು ಖುಷಿಯಾಯಿತು ಅಂತೀರಿ! "ಸರ್, ನಾಳೆ ಹತ್ತು ಗಂಟೆಗೆ ಎಂಜಿನಿಯರ್ ಬರ್ತಾರೆ." ಬಂದ ಸ್ವಾಮಿ, ಸರಿಯಾಗಿ ಹತ್ತಕ್ಕೆ ಬಂದ, ಹಾವೇರಿಯ ಅಣ್ಣನ ಮನೆಗೆ! ಮುಂಬೈಯಲ್ಲಿ ನೋಡಿ ಅಂದರೆ ವಿಳಾಸ ಬದಲಿಸಿ ಅಂದರು. ವಿಳಾಸ ಬದಲಿಸಿದರೆ ಪ್ಯಾಕ್ ಬದಲಾಗುತ್ತೆ ಅಂದರು. ಹದಿನೆಂಟು ದಿನ ಅವ್ವ ಕಪ್ಪು ಪರದೆಯ ಮುಂದೆ ಕೂತು ಅವರೆಕಾಯಿ ಸುಲಿದಳು.

ಬೇಡ ಇವನ ಸಹವಾಸ ಅಂತ ಮೂರನೇ ಕಂಪನಿಗೆ ಹೋದೆ. ಮೊಬೈಲ್ ಕಂಪನಿ ಬದಲಿಸಿದರೆ ಫೋನ್ ಬಿಸಾಡುತ್ತೀರಾ? ಇಲ್ಲಿ ಬಿಸಾಡಬೇಕು. ಹಳೇ ಡಬ್ಬಿ ಹೊಸ ಕಂಪನಿಗೆ ನಡೆಯುವುದಿಲ್ಲ. ತಮಾಷೆ ಏನು ಅಂದರೆ, ಡಿಟಿಎಚ್ ಲೈಸೆನ್ಸಿನ ಷರತ್ತುಗಳಲ್ಲೇ ಡಬ್ಬಿ ಒಬ್ಬರಿಗೇ ಕಟ್ಟುಬಿದ್ದಿರಬಾರದು, ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದಬೇಕು ಅಂತ ಬರೆದಿದೆ. 2001ರಲ್ಲಿ ಸರ್ಕಾರ ಡಿಟಿಎಚ್‌ಗೆ ನಿಯಮ ಮಾಡಿದಾಗಿನಿಂದ ಇರುವ ಮಾತು ಅದು. 2020ರ ಏಪ್ರಿಲ್‌ನಲ್ಲಿ ಟ್ರಾಯ್ ಮತ್ತೆ ಅದನ್ನೇ ಶಿಫಾರಸು ಮಾಡಿತು. ಹತ್ತೊಂಬತ್ತು ವರ್ಷ ಆದ ಮೇಲೂ ಅದೇ ಮಾತನ್ನು ಹೇಳಬೇಕಾಯಿತು ಅಂದರೆ ಮೊದಲ ಸಲ ಹೇಳಿದ್ದನ್ನು ಯಾರು ಎಷ್ಟು ಕೇಳಿದರು ಅಂತ ನೀವೇ ಲೆಕ್ಕ ಹಾಕಿ.

ಒಬ್ಬರದು 83 ಡಿಗ್ರಿಯ ಉಪಗ್ರಹ, ಒಬ್ಬರದು 93.5, ಒಬ್ಬರದು 95, ಇನ್ನೊಬ್ಬರದು 108, ಹೇಗೆ ಹೊಂದಿಸೋದು ಅಂತ ಕೆಲವರು ವಾದ ಮಾಡುತ್ತಾರೆ. ತಟ್ಟೆ ತಿರುಗಿಸುವುದು ಅರ್ಧ ಗಂಟೆಯ ಕೆಲಸ ಕಣ್ರೀ. ನಾನೇ ಟೆರೇಸಿನ ಮೇಲೆ ನಿಂತು, ಕೆಳಗಿಂದ ಮಗಳು "ಬಂತು ಬಂತು, ಹೋಯ್ತು" ಅಂತ ಕೂಗುತ್ತಿರುವಾಗ ತಿರುಗಿಸಿದ್ದೇನೆ. ತಿರುಗದೇ ಇರುವುದು ಡಬ್ಬಿಯೊಳಗಿನ ಬೀಗ. ಅದರ ಕೀಲಿ ಕಂಪನಿಯ ಹತ್ತಿರ. ಗಿರಾಕಿ ಸುಲಭವಾಗಿ ಬಿಟ್ಟು ಹೋಗಲಾರ ಅಂತಾದರೆ ಆರು ಕಂಪನಿ ಇದ್ದರೇನು, ಅರವತ್ತು ಇದ್ದರೇನು?

ಮೂರನೆಯವರದು ಉಲ್ಟಾ ಸಮಸ್ಯೆ. ದಕ್ಷಿಣದ ಪ್ಯಾಕ್ ಕೊಟ್ಟರು. ಅದರಲ್ಲಿ ಮರಾಠಿ ಇಲ್ಲ! ನನ್ನ ಮಗಳು ಹುಟ್ಟಿ ಬೆಳೆದದ್ದು ಇಲ್ಲಿ, ಅವಳ ಗೆಳತಿಯರೆಲ್ಲ ಮರಾಠಿ. ಅಜ್ಜಿಗೆ ಕನ್ನಡ ಬೇಕು, ಮೊಮ್ಮಗಳಿಗೆ ಮರಾಠಿ ಬೇಕು. ಎರಡೂ ಬೇಕಾದರೆ ಎರಡು ಪ್ಯಾಕಿನ ದುಡ್ಡು. ಕಂಪನಿಯ ಪುಸ್ತಕದಲ್ಲಿ ಒಂದು ಮನೆಗೆ ಒಂದೇ ಊರು. ಹೊರನಾಡಿನ ಕನ್ನಡಿಗನ ಮನೆಯಲ್ಲಿ ಯಾವತ್ತೂ ಎರಡು ಊರು ಇರುತ್ತವೆ ಅನ್ನೋದು ಇವರ ತಲೆಗೆ ಹೊಳೆಯಲೇ ಇಲ್ಲ.

ಟ್ರಾಯ್ 2010ರಲ್ಲೇ ಡಿಟಿಎಚ್‌ನವರು ಬಿಡಿ ಚಾನೆಲ್ ಕೊಡಬೇಕು ಅಂದಿತ್ತು. ಬಿಡಿ ದರದ ಪಟ್ಟಿ ನನಗೂ ಬಂತು. ನಾಲ್ಕು ಬಿಡಿ ಚಾನೆಲ್ ಕೂಡಿಸಿದರೆ ಪ್ಯಾಕಿನ ಬೆಲೆಯ ಹತ್ತಿರವೇ ಹೋಗುತ್ತಿತ್ತು. ನಿಜವಾದ ಬದಲಾವಣೆ ಬಂದದ್ದು 2019ರ ಫೆಬ್ರವರಿಯಲ್ಲಿ, ಹೊಸ ದರ ನಿಯಮದಿಂದ. ತಿಂಗಳಿಗೆ ಗರಿಷ್ಠ 130 ರೂಪಾಯಿ ನೆಟ್‌ವರ್ಕ್ ಶುಲ್ಕ, 18 ಪರ್ಸೆಂಟ್ ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರಲ್ಲಿ 100 ಚಾನೆಲ್‌ಗೆ ಜಾಗ. ಆಮೇಲೆ ಬೇಕಾದ ಪೇ ಚಾನೆಲ್ ಅದರದರ ದರಕ್ಕೆ, ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಅದೇ ದರ. ಈ ಪದ್ಧತಿಯಿಂದ ಬಿಲ್ಲು ಜಾಸ್ತಿಯಾಯಿತು ಅಂತ ಬೈದವರು ಬಹಳ. ಹಿಂದಿ ಮಾತ್ರ ನೋಡುವ ಮನೆಗೆ ಆಗಿರಬಹುದು. ನನ್ನ ಮಟ್ಟಿಗೆ ಮೊದಲ ಸಲ "ಮುಂಬೈಯಲ್ಲಿ ಕನ್ನಡ ಸಿಗೋಲ್ಲ" ಅನ್ನುವ ಮಾತು ನಿಂತಿತು. ಎರಡು ಕನ್ನಡ, ಎರಡು ಮರಾಠಿ, ಮುಗೀತು. ಗಮನಿಸಿ, ಇದನ್ನು ಕೊಟ್ಟದ್ದು ಪೈಪೋಟಿ ಅಲ್ಲ, ನಿಯಮ. ಹತ್ತು ವರ್ಷದ ಪೈಪೋಟಿ ನನಗೆ ಕೊಟ್ಟದ್ದು ಮೂರು ತಟ್ಟೆ.

ಅವ್ವ ಹೋದದ್ದು 2017ರಲ್ಲಿ. ಆ ಸುಖ ಅವಳಿಗೆ ಸಿಗಲಿಲ್ಲ.

ಇಲ್ಲಿಯವರೆಗೆ ಕಂಪನಿಯನ್ನು ಬೈದೆ. ಇನ್ನು ನಮ್ಮನ್ನು ಬೈಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

"ಇಲ್ಲಿ ಕನ್ನಡದವರು ಎಷ್ಟು ಮಂದಿ ಸಾರ್, ಬೇಡಿಕೆಯೇ ಇಲ್ಲ" ಅಂತ ಕಂಪನಿಯ ಒಬ್ಬ ಮ್ಯಾನೇಜರ್ ನನಗೆ ಹೇಳಿದ್ದ. ನಾನು ಕೆಂಡಾಮಂಡಲ ಆಗಿದ್ದೆ. 2011ರ ಜನಗಣತಿ ನೋಡಿದರೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರು ವಲಸಿಗರೂ ಅಲ್ಲ, ಅಲ್ಲೇ ಹುಟ್ಟಿದವರು. ಬೇಡಿಕೆ ಇಲ್ಲ ಅಂದರೆ ಏನರ್ಥ?

ಆದರೆ ಮೊನ್ನೆ ತಟ್ಟೆ ಬಿಚ್ಚುವಾಗ ಹೊಳೆಯಿತು. ಅವನ ಪುಸ್ತಕದಲ್ಲಿ ನಿಜಕ್ಕೂ ಬೇಡಿಕೆ ಇರಲಿಲ್ಲ! ನನ್ನ ಡಬ್ಬಿ ಹಾವೇರಿಯ ಲೆಕ್ಕದಲ್ಲಿತ್ತು. ಶೆಟ್ಟರದು ಕುಂದಾಪುರದ ಲೆಕ್ಕದಲ್ಲಿ. ಬಿ ವಿಂಗಿನ ಜೋಶಿಯವರದು ಧಾರವಾಡದ ಲೆಕ್ಕದಲ್ಲಿ. ನಾಲ್ಕು ಕನ್ನಡದ ಮನೆಯಿದ್ದ ಕಟ್ಟಡ ಕಂಪನಿಯ ಕಂಪ್ಯೂಟರಿನಲ್ಲಿ ಕನ್ನಡವೇ ಇಲ್ಲದ ಕಟ್ಟಡ. ತಿಂಗಳಿಗೆ ನೂರು ರೂಪಾಯಿ ಉಳಿಸಲು ನಾವೇ ನಮ್ಮನ್ನು ಲೆಕ್ಕದಿಂದ ಅಳಿಸಿಕೊಂಡೆವು. ಸಂಘದಲ್ಲಿ ವರ್ಷಾ ವರ್ಷಾ ರಾಜ್ಯೋತ್ಸವ ಮಾಡಿದೆವು, ಶಾಲು ಹೊದಿಸಿದೆವು, ಭಾಷಣ ಕೇಳಿದೆವು. ಐವತ್ತು ಜನ ಸಹಿ ಹಾಕಿ ಒಂದು ಕಂಪನಿಗೆ "ನಾವು ಇಲ್ಲಿದ್ದೇವೆ, ನಮ್ಮ ಭಾಷೆ ಕೊಡಿ" ಅಂತ ಒಂದು ಕಾಗದ ಬರೆದೆವಾ? ನಾನಂತೂ ಬರೆಯಲಿಲ್ಲ. ಅಣ್ಣನ ವಿಳಾಸ ಬರೆದೆ.

ಈಗ ಡಿಟಿಎಚ್‌ಗೇ ಇಳಿಗಾಲ. 2020ರಲ್ಲಿ 7 ಕೋಟಿಯ ಆಸುಪಾಸಿನಲ್ಲಿದ್ದ ಚಂದಾದಾರರು 2025ಕ್ಕೆ 6 ಕೋಟಿಗಿಂತ ಕೆಳಗಿಳಿದಿದ್ದಾರೆ. ಆರರಲ್ಲಿ ನಾಲ್ಕು ಕಂಪನಿ ಉಳಿದಿವೆ. ಟಾಟಾ ಸ್ಕೈ 2022ರಲ್ಲಿ ಟಾಟಾ ಪ್ಲೇ ಆಯಿತು, ಡಿಟುಎಚ್ 2018ರಲ್ಲೇ ಡಿಶ್ ಟಿವಿಯ ಜೊತೆ ಸೇರಿತು. 2024ರ ಜುಲೈನಲ್ಲಿ ಟ್ರಾಯ್ ನೆಟ್‌ವರ್ಕ್ ಶುಲ್ಕದ ಮಿತಿಯನ್ನೂ ತೆಗೆಯಿತು. ಊರು, ಭಾಷೆ ನೋಡಿ ಬೇರೆ ಬೇರೆ ದರ ಹಾಕುವ ದಾರಿ ಮತ್ತೆ ತೆರೆದಿದೆ ಅಂತ ನನ್ನ ಅನುಮಾನ. ನಾನು ತಟ್ಟೆ ಬಿಟ್ಟೆ ಅನ್ನುವವರೂ ನೆಮ್ಮದಿಯಾಗಿರಬೇಡಿ. ಮೊಬೈಲಿನ ಆ್ಯಪ್‌ಗೂ ನೀವು ಎಲ್ಲಿದ್ದೀರಿ ಅಂತ ಗೊತ್ತು, ಅದೂ ಲೆಕ್ಕ ಇಡುತ್ತೆ. ಭಾಷೆ ಯಾವುದು ಅಂತ ಕೇಳಿದಾಗ ಹಿಂದಿಯೋ ಇಂಗ್ಲಿಷೋ ಒತ್ತಿ ಮುಂದೆ ಹೋಗುವವರು ನಾವೇ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಡಿಶ್ ಇರಲಿ, ಕೇಬಲ್ ಇರಲಿ, ಆ್ಯಪ್ ಇರಲಿ, ನೀವು ಇರುವ ಊರಿನ ನಿಜವಾದ ವಿಳಾಸ ಕೊಡಿ, ಭಾಷೆ ಕನ್ನಡ ಅಂತ ಬರೆಸಿ. ಕಾಲ್ ಸೆಂಟರಿನಲ್ಲಿ ಕನ್ನಡಕ್ಕೆ ಗುಂಡಿ ಇದ್ದರೆ ಅದನ್ನೇ ಒತ್ತಿ, ಇಲ್ಲದಿದ್ದರೆ ಯಾಕಿಲ್ಲ ಅಂತ ದೂರು ಬರೆದು ನಂಬರ್ ತೆಗೆದುಕೊಳ್ಳಿ. ಸಂಘದ ಮುಂದಿನ ಸಭೆಯಲ್ಲಿ ಶಾಲು ಹೊದಿಸುವ ಮುಂಚೆ ಒಂದು ಸಹಿ ಹಾಳೆ ಸುತ್ತಿಸಿ. ನಮ್ಮ ಸಂಘದಲ್ಲಿ ನಾನು ಸುತ್ತಿಸುತ್ತೇನೆ.

ಮೂರು ತಟ್ಟೆಯಲ್ಲಿ ಎರಡನ್ನು ಭಂಗಾರವಾಲಾನಿಗೆ ಕೊಟ್ಟೆ. ಮೂರನೆಯದು ಟೆರೇಸಿನ ಮೂಲೆಯಲ್ಲಿದೆ, ಯಾರೋ ಅದರಲ್ಲಿ ಹಕ್ಕಿಗೆ ನೀರು ಇಟ್ಟಿದ್ದಾರೆ. ನಿಮ್ಮ ಡಬ್ಬಿ ಯಾವ ಊರಿನ ವಿಳಾಸದಲ್ಲಿದೆ? ನಿಜ ಹೇಳಿ.