ಪಕ್ಕೆಯಲ್ಲೊಂದು ಕಿಂಡಿ



ಹೊಸ ವಸ್ತುವಿಗೆ ತೂತು ಹಾಕುವುದೆಂದರೆ ನಮ್ಮವರಿಗೆ ಕೈ ನಡುಗುತ್ತದೆ. ಹೊಸ ಫ್ಲ್ಯಾಟಿನ ಗೋಡೆಗೆ ಒಂದು ಮೊಳೆ ಹೊಡೆಯಲು ಮನೆಮಂದಿಯೆಲ್ಲ ಸೇರಿ ಮೂರು ದಿನ ಚರ್ಚಿಸುತ್ತೇವೆ. ಆದರೆ ಕೂಸಿನ ಕಿವಿ ಚುಚ್ಚಿಸುವಾಗ ಪಂಚಾಂಗವನ್ನು ಕೇಳುತ್ತೇವೆಯೇ ಹೊರತು ಕೂಸನ್ನು ಯಾರೂ ಕೇಳುವುದಿಲ್ಲ! ಈ ತಿಂಗಳ ನನ್ನ ಮಾತು ತೂತನ್ನು ಕುರಿತದ್ದೇ. ಕಿವಿಯದಲ್ಲ, ಗೋಡೆಯದೂ ಅಲ್ಲ, ಒಂದು ಯುಕುಲೆಲೆಯದು.

ಪುಣೆಯಲ್ಲಿರುವ ನನ್ನ ಅಕ್ಕನ ಮಗಳು ನಿಮ್ಮಂಥವಳೇ. ಹುಟ್ಟಿದ್ದು, ಓದಿದ್ದು, ಈಗ ನೌಕರಿ ಮಾಡುತ್ತಿರುವುದು ಎಲ್ಲವೂ ಅಲ್ಲೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್. ಐದು ವರ್ಷದವಳಿದ್ದಾಗ ಮಂಗನಬಾವು ಬಂದು ಬಲಗಿವಿ ಬಹುಮಟ್ಟಿಗೆ ಹೋಯಿತು. ಎಡಗಿವಿ ಚೆನ್ನಾಗಿದೆ. ಕಾಲೇಜಿನ ದಿನಗಳಲ್ಲಿ ಒಂದು ಅಗ್ಗದ ಯುಕುಲೆಲೆ ಕೊಂಡು ತಾನೇ ನುಡಿಸಲು ಕಲಿತಳು. ಈಗ ಒಂದು ವರ್ಷದ ಉಳಿತಾಯ ಕೂಡಿಸಿ, ಒಬ್ಬ ಕುಶಲಕರ್ಮಿಯ ಕೈಯಲ್ಲಿ ತನ್ನ ಅಳತೆಗೆ ತಕ್ಕಂತೆ ಒಂದನ್ನು ಮಾಡಿಸುತ್ತಿದ್ದಾಳೆ. ಆತ ಒಂದು ಪ್ರಶ್ನೆ ಕೇಳಿದ್ದಾನೆ: "ಪಕ್ಕೆಯಲ್ಲಿ ಸೌಂಡ್ ಪೋರ್ಟ್ ಇಡಲೆ, ಬೇಡವೆ? ಪೆಟ್ಟಿಗೆ ಮುಚ್ಚುವ ಮೊದಲೇ ಹೇಳಬೇಕು." ಅವಳು ಆ ಪ್ರಶ್ನೆಯನ್ನು ಹಾಗೆಯೇ ನನ್ನ ಕಡೆಗೆ ದಾಟಿಸಿದಳು: "ಚಿಕ್ಕಮ್ಮ, ನೀವಾದರೆ ಏನು ಮಾಡುತ್ತಿದ್ದಿರಿ?"

ಯುಕುಲೆಲೆಯನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಗಿಟಾರಿನ ಮೊಮ್ಮಗನ ಹಾಗೆ ಕಾಣುವ, ನಾಲ್ಕು ತಂತಿಯ ಪುಟ್ಟ ವಾದ್ಯ. ಹವಾಯಿಯದೆಂದು ಹೆಸರಾದರೂ ಅದರ ಬೇರು ಪೋರ್ಚುಗಲ್ಲಿಗೆ ಸೇರಿದ ಮಡೀರಾ ದ್ವೀಪದಲ್ಲಿದೆ. 1879ರಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಹವಾಯಿಯ ಕಬ್ಬಿನ ತೋಟಗಳ ದುಡಿಮೆಗೆಂದು ಮಡೀರಾದಿಂದ ಜನರನ್ನು ಹೊನೊಲುಲುವಿಗೆ ತಂದಿಳಿಸಿತು. ಅವರಲ್ಲಿ ಮೂವರು ಮರಗೆಲಸದವರಿದ್ದರು: ಮಾನ್ಯುಯೆಲ್ ನೂನೆಸ್, ಆಗುಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ. ತಮ್ಮೂರಿನ 'ಮಶೆಟೆ' ಎಂಬ ಪುಟ್ಟ ವಾದ್ಯದ ನೆನಪಿನಲ್ಲಿ ಅವರು ಹೊಸ ನೆಲದ ಕೋಆ ಮರದಿಂದ ವಾದ್ಯ ಮಾಡತೊಡಗಿದರು. ದೊರೆ ಕಲಾಕೌವಾ ಅದನ್ನು ಮೆಚ್ಚಿ ಅರಮನೆಗೆ ಬರಮಾಡಿಕೊಂಡ. 1915ರ ಸ್ಯಾನ್‌ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಿಂದ ಅಮೆರಿಕಕ್ಕೆಲ್ಲ ಅದರ ಗುಂಗು ಹತ್ತಿತು. ಆ ಹೆಸರಿಗೆ 'ನೆಗೆಯುವ ಚಿಗಟ' ಎಂದು ಅರ್ಥ ಹೇಳುವವರೇ ಹೆಚ್ಚು. ರಾಣಿ ಲಿಲಿಯುಒಕಲಾನಿ ಮಾತ್ರ 'ಇಲ್ಲಿಗೆ ಬಂದ ಉಡುಗೊರೆ' ಎಂಬ ಅರ್ಥವನ್ನು ಮೆಚ್ಚಿಕೊಂಡಿದ್ದಳು. ಊರು ಬಿಟ್ಟು ಬಂದವರ ಕೈಯಲ್ಲಿ ಹುಟ್ಟಿದ ವಾದ್ಯಕ್ಕೆ ಇದಕ್ಕಿಂತ ಒಳ್ಳೆಯ ಅರ್ಥ ಬೇಕೆ? ಇನ್ನೊಂದು ಸಂಗತಿ: ಕೋಆ ಮರ ಅಕೇಶಿಯಾ ಕುಲದ್ದು. ನಮ್ಮ ಮಲೆನಾಡಿನಲ್ಲಿ ಅರಣ್ಯ ಇಲಾಖೆ ಸಾಲುಸಾಲಾಗಿ ನೆಟ್ಟಿರುವ ಅಕೇಶಿಯಾಕ್ಕೆ ಅದು ದೂರದ ದಾಯಾದಿ!

ಈಗ ಕಿಂಡಿಯ ವಿಚಾರ. ಯುಕುಲೆಲೆಯ ಬಾಯಿ ಇರುವುದು ಎದುರಿನ ಹಲಗೆಯಲ್ಲಿ, ತಂತಿಗಳ ಕೆಳಗೆ. ನಾದ ಕೇಳುಗರ ಕಡೆಗೆ ಹೊರಡುತ್ತದೆ. ನುಡಿಸುವವರ ಕಿವಿ ವಾದ್ಯದ ಹಿಂದೆ, ಮೇಲೆ ಇರುತ್ತದೆ. ಬಡಿಸುವವರಿಗೆ ಊಟದ ರುಚಿ ಕೊನೆಯಲ್ಲಿ ತಿಳಿಯುವ ಹಾಗೆ, ತನ್ನ ವಾದ್ಯದ ನಿಜವಾದ ದನಿ ನುಡಿಸುವವರಿಗೆ ಅರ್ಧವೇ ಕೇಳುವುದು. ಅದಕ್ಕಾಗಿ ಕೆಲವರು ಪಕ್ಕೆಯ ಮೇಲ್ಭಾಗದಲ್ಲಿ, ಕುತ್ತಿಗೆಯ ಹತ್ತಿರ, ಮುಖದ ಕಡೆಗೆ ತೆರೆಯುವಂತೆ ಇನ್ನೊಂದು ಸಣ್ಣ ಕಿಂಡಿ ಕೊರೆಸುತ್ತಾರೆ. ಇದೇ ಸೈಡ್ ಸೌಂಡ್ ಪೋರ್ಟ್. ಗಿಟಾರಿನಲ್ಲಿ ಅಮೆರಿಕದ ರಾಬರ್ಟ್ ರಕ್ ಅವರಂಥ ಹೆಸರಾಂತ ತಯಾರಕರು ಇಂಥ ಕಿಂಡಿಗಳನ್ನು ಇಟ್ಟರು. ಯುಕುಲೆಲೆ ಮಾಡುವವರೂ ಈಗ ಇದನ್ನು ಕೇಳಿದವರಿಗೆ ಮಾಡಿಕೊಡುತ್ತಾರೆ. ಕನಕನ ಕಿಂಡಿಯನ್ನು ಬಲ್ಲ ನಮಗೆ ಪಕ್ಕದ ಕಿಂಡಿಯ ಮಹಿಮೆಯನ್ನು ಯಾರೂ ಹೇಳಿಕೊಡಬೇಕಿಲ್ಲ.

ಹಾಗಾದರೆ ಇಡಿಸಿಬಿಡಬಹುದಲ್ಲ ಎನ್ನುತ್ತೀರಿ. ಸ್ವಲ್ಪ ತಾಳಿ. ಕಿಂಡಿ ಇಟ್ಟ ಮಾತ್ರಕ್ಕೆ ದನಿ ಹೆಚ್ಚಾಗುವುದಿಲ್ಲ. ತಂತಿಗೆ ಬೆರಳು ಕೊಟ್ಟ ಶಕ್ತಿ ಎಷ್ಟೋ ಅಷ್ಟೇ. ಒಂದು ಬಾಗಿಲಿದ್ದ ಮನೆಗೆ ಎರಡು ಬಾಗಿಲಾದರೆ ಒಳಗಿನ ಜನ ಇಮ್ಮಡಿಯಾಗುವುದಿಲ್ಲವಲ್ಲ!

ಅದಲ್ಲದೆ ಪೆಟ್ಟಿಗೆಯೊಳಗಿನ ಗಾಳಿಗೂ ಒಂದು ಸ್ವಂತ ಸ್ವರವಿದೆ. ಇದನ್ನು ಅರಿಯಲು ಪ್ರಯೋಗಶಾಲೆ ಬೇಡ, ಅಡುಗೆಮನೆ ಸಾಕು. ಕೊಡಕ್ಕೆ ನೀರು ತುಂಬುವಾಗ ಸದ್ದು ಏರುತ್ತ ಹೋಗುವುದನ್ನು ಕೇಳಿದ್ದೀರಿ. ಒಳಗಿನ ಗಾಳಿಯ ಜಾಗ ಕಡಿಮೆಯಾದಷ್ಟೂ ಸ್ವರ ಮೇಲೇರುತ್ತದೆ. ಬಾಯಿ ದೊಡ್ಡದಾದರೂ ಸ್ವರ ಏರುತ್ತದೆ, ಕಿರಿದಾದರೆ ಇಳಿಯುತ್ತದೆ. ಘಟ ನುಡಿಸುವ ವಿದ್ವಾಂಸರನ್ನು ಗಮನಿಸಿ. ಘಟದ ಬಾಯಿಯನ್ನು ಹೊಟ್ಟೆಗೆ ಒತ್ತಿ, ಸಡಿಲಿಸಿ, ಆ ಆಳದ ಗುಂಕಾರವನ್ನು ಬೇಕಾದಂತೆ ಬಾಗಿಸುತ್ತಾರೆ. ಈ ತತ್ತ್ವವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಲೆಕ್ಕಕ್ಕೆ ಇಳಿಸಿದ. ಘಟ ನುಡಿಸುವವರ ಹೊಟ್ಟೆಗೆ ಅದು ಮೊದಲೇ ತಿಳಿದಿತ್ತು.

ಯುಕುಲೆಲೆಗೂ ಇದೇ ನಿಯಮ. ಇನ್ನೊಂದು ಕಿಂಡಿ ತೆರೆದರೆ ಒಳಗಿನ ಗಾಳಿಯ ಸ್ವರ ಸ್ವಲ್ಪ ಮೇಲಕ್ಕೆ ಜರುಗುತ್ತದೆ. ಕೆಳಸ್ಥಾಯಿಯ ತುಂಬುತನ ತುಸು ತೆಳುವಾಗಬಹುದು. ಗಿಟಾರಿನಂಥ ದೊಡ್ಡ ಹೊಟ್ಟೆಯ ವಾದ್ಯ ಇದನ್ನು ತಾಳಿಕೊಂಡೀತು. ಯುಕುಲೆಲೆಯಲ್ಲಿ ಕೆಳದನಿ ಇರುವುದೇ ಕೊಂಚ. ನನ್ನ ಅಕ್ಕನ ಮಗಳದು 17 ಅಂಗುಲದ ತಂತಿಯಳತೆಯ ಟೆನರ್. ಅದರ ಬಾಯಿ ಸುಮಾರು 60 ಮಿಲಿಮೀಟರ್ ಅಗಲ. ಪಕ್ಕೆಯಲ್ಲಿ ನಮ್ಮ ಹತ್ತು ರೂಪಾಯಿ ನಾಣ್ಯದಷ್ಟು, ಅಂದರೆ 27 ಮಿಲಿಮೀಟರಿನ ಕಿಂಡಿ ಕೊರೆದರೆ ವಿಸ್ತೀರ್ಣದಲ್ಲಿ ಅದು ಬಾಯಿಯ ಐದನೆಯ ಒಂದು ಭಾಗವಾಗುತ್ತದೆ. ಸಣ್ಣದೆಂದು ಕಡೆಗಣಿಸುವಂತಿಲ್ಲ. ಅದಕ್ಕೇ ಕೆಲವು ತಯಾರಕರು ಪಕ್ಕೆಯಲ್ಲಿ ಕಿಂಡಿ ಇಟ್ಟಾಗ ಎದುರಿನ ಬಾಯಿಯನ್ನು ಕೊಂಚ ಕಿರಿದು ಮಾಡಿ ಲೆಕ್ಕ ಸರಿದೂಗಿಸುತ್ತಾರೆ.

ಹಾಗಾದರೆ ಲಾಭವೇನು? ಕೆಳದನಿ ಸುತ್ತ ಎಲ್ಲ ಕಡೆಗೂ ಹರಡುತ್ತದೆ, ನುಡಿಸುವವರಿಗೂ ಸಿಗುತ್ತದೆ. ಮೇಲಿನ ದನಿಗಳು, ಅಂದರೆ ಮೀಟಿನ ಸ್ಪಷ್ಟತೆ ಮತ್ತು ಮಿಂಚು, ಬಹುಪಾಲು ನೇರವಾಗಿ ಮುಂದಕ್ಕೇ ಹೋಗುತ್ತವೆ. ಪಕ್ಕೆಯ ಕಿಂಡಿ ಅವುಗಳಲ್ಲಿ ಒಂದು ಪಾಲನ್ನು ನುಡಿಸುವವರ ಮುಖಕ್ಕೆ ತಂದುಕೊಡುತ್ತದೆ. ಎದುರು ಕೂತವರಿಗೆ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ. ಕಿಂಡಿ ಕೇಳುಗರಿಗಲ್ಲ, ನುಡಿಸುವವರಿಗೆ. ಇದೊಂದು ಮಾತು ಮನಸ್ಸಿನಲ್ಲಿ ನಿಂತರೆ ಅರ್ಧ ಗೊಂದಲ ಕಳೆದಂತೆ.

ಇನ್ನು ಅಡ್ಡಿಗಳು. ಪಕ್ಕೆಯ ಹಲಗೆ ಎರಡು ಮಿಲಿಮೀಟರಿನಷ್ಟೇ ದಪ್ಪ, ಕೆಲವೊಮ್ಮೆ ಅದಕ್ಕಿಂತಲೂ ತೆಳು. ಅದನ್ನು ಕಾವು ಕೊಟ್ಟು ಬಾಗಿಸಿರುತ್ತಾರೆ. ಸುಮ್ಮನೆ ಕೊರೆದರೆ ಎಳೆಯುದ್ದಕ್ಕೂ ಸೀಳುವ ಭಯ. ಒಳಗಿನಿಂದ ಅಡ್ಡ ಎಳೆಯ ಮರದ ತುಂಡನ್ನು ಅಂಟಿಸಿ, ಗಟ್ಟಿ ಮಾಡಿ, ಆಮೇಲೆ ಕೊರೆದು ಅಂಚನ್ನು ನಯಗೊಳಿಸಬೇಕು. ಪೆಟ್ಟಿಗೆ ಮುಚ್ಚುವ ಮೊದಲು ಇದು ಸುಲಭ, ಆಮೇಲೆ ಪ್ರಯಾಸ. ಕುಶಲಕರ್ಮಿ ಅವಸರಪಡಿಸಿದ್ದಕ್ಕೆ ಇದೇ ಕಾರಣ. ಕೊರೆದ ಮೇಲೆ ಗುರುತಿಲ್ಲದಂತೆ ಮುಚ್ಚುವುದು ಬಹಳ ಕಷ್ಟ. ಮುಂದೆ ಮಾರುವ ಮನಸ್ಸಾದರೆ ಎಲ್ಲರೂ ಒಪ್ಪಿಯಾರು ಎಂದಿಲ್ಲ. ಮರ ಒಣಗದಂತೆ ವಾದ್ಯದ ಬಾಯಿಯೊಳಗೆ ತೇವದ ಸಾಧನ ಇಡುವವರಿಗೆ ಇನ್ನೊಂದು ದಾರಿಯಲ್ಲಿ ತೇವ ಸೋರುತ್ತದೆ. ಪುಣೆಯ, ದೆಹಲಿಯ ಒಣ ತಿಂಗಳುಗಳಲ್ಲಿ ಪೆಟ್ಟಿಗೆಯನ್ನೇ ತೇವವಾಗಿ ಇಡಬೇಕಾಗುತ್ತದೆ. ಸದಾ ಮೈಕಿನಲ್ಲೇ ನುಡಿಸುವವರಿಗಂತೂ ಎದುರಿಗೊಂದು ಮಾನಿಟರ್ ಸ್ಪೀಕರ್ ಇದ್ದರೆ ಸಾಕು, ಕಿಂಡಿಯ ಹಂಗಿಲ್ಲ.

ಇಷ್ಟೆಲ್ಲ ಕೂಡಿಸಿ ಕಳೆದು ನಾನು ಅವಳಿಗೆ ಹೇಳಿದ್ದು ಒಂದೇ: "ನನ್ನನ್ನು ಕೇಳಬೇಡ, ನಿನ್ನ ಕಿವಿಯನ್ನು ಕೇಳು." ಪುಣೆಯಲ್ಲೇ ಕಿಂಡಿಯಿರುವ ಯುಕುಲೆಲೆಯೊಂದು ಅವಳ ಪರಿಚಯದವರಲ್ಲಿ ಇತ್ತು. ಅದನ್ನು ಒಂದು ಭಾನುವಾರಕ್ಕೆ ಎರವಲು ತಂದಳು. ಅವಳು ಕಣ್ಣು ಮುಚ್ಚಿ ಒಂದೇ ಸ್ವರಗುಚ್ಛ ನುಡಿಸುವುದು, ಅವಳ ತಮ್ಮ ಕಿಂಡಿಯ ಎದುರು ಒಂದು ರಟ್ಟನ್ನು ಹಿಡಿಯುವುದು ಇಲ್ಲವೆ ತೆಗೆಯುವುದು. ಹತ್ತು ಅಡಿ ದೂರದಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತ ನಮ್ಮ ಭಾವ 'ತೆರೆದಿದೆ', 'ಮುಚ್ಚಿದೆ' ಎಂದು ಹೇಳುವುದು. ಹತ್ತು ಸಲದಲ್ಲಿ ಭಾವ ಸರಿಯಾಗಿ ಹೇಳಿದ್ದು ಆರು ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ ಸರಾಸರಿ ಐದು ಸಿಗುತ್ತಿತ್ತು! ಅವಳು ಮಾತ್ರ ಹತ್ತಕ್ಕೆ ಹತ್ತೂ ಸರಿಯಾಗಿ ಹೇಳಿದಳು.

ಅಕ್ಕ ಫೋನಿನಲ್ಲಿ ಹೇಳಿದ ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯವೆನಿಸಿತು. ಅವರ ಸಂಘದ ರಾಜ್ಯೋತ್ಸವದಲ್ಲಿ ಹುಡುಗಿ ಮೂರು ವರ್ಷ ಹಾಡುಗಾರರ ಗುಂಪಿನಲ್ಲಿದ್ದವಳು ನಾಲ್ಕನೆಯ ವರ್ಷ ನಿಂತುಬಿಟ್ಟಳು. ಕಾರಣ ಯಾರಿಗೂ ಹೇಳಿರಲಿಲ್ಲ. ತಬಲ, ಹಾರ್ಮೋನಿಯಂ, ಹದಿನೈದು ಜನರ ದನಿ, ಇವುಗಳ ನಡುವೆ ತನ್ನ ವಾದ್ಯ ತನಗೆ ಕೇಳುತ್ತಿರಲಿಲ್ಲವಂತೆ. ಕೇಳದಿದ್ದಾಗ ಬೆರಳು ತಾನಾಗಿ ಬಲವಾಗಿ ಒತ್ತುತ್ತದೆ. ಬಲವಾಗಿ ಒತ್ತಿದರೆ ತಂತಿ ಬಿಗಿದು ಸ್ವರ ಮೇಲೇರುತ್ತದೆ, ಶ್ರುತಿ ತಪ್ಪುತ್ತದೆ. ಯಾರೋ ಒಮ್ಮೆ ತಿರುಗಿ ನೋಡಿದರು, ಅಷ್ಟೇ. ಇವಳು ವಾದ್ಯವನ್ನು ಚೀಲಕ್ಕೆ ಹಾಕಿದಳು. ತನಗೆ ಸಂಗೀತ ಬರುವುದಿಲ್ಲವೆಂದು ತೀರ್ಮಾನಿಸಿಕೊಂಡಿದ್ದಳು. ಸಂಗೀತ ಬರುತ್ತಿತ್ತು, ಕೇಳುತ್ತಿರಲಿಲ್ಲ. ಎರಡೂ ಬೇರೆ ಬೇರೆ.

ಕಿಂಡಿ ಬರುವುದು ಕುತ್ತಿಗೆಯ ಹತ್ತಿರ. ಬಲಗೈಯಿಂದ ಮೀಟುವವರಿಗೆ ಅದು ಎಡಗಿವಿಯ ಕಡೆ. ಅವಳ ಒಳ್ಳೆಯ ಕಿವಿಯೂ ಅದೇ. ಹೀಗಾಗಿ ಅವಳ ಮಟ್ಟಿಗೆ ಉತ್ತರ ಸ್ಪಷ್ಟವಾಯಿತು. ಒಂದೇ ಕಿಂಡಿ, ನಾಣ್ಯದಷ್ಟೇ ಅಗಲ, ಬೇಡವೆನಿಸಿದಾಗ ಹಾಕಲು ಅದೇ ಮರದ ಒಂದು ಮುಚ್ಚಳ. ಮುಚ್ಚಳ ಸಡಿಲವಾಗಿದ್ದರೆ ನುಡಿಸುವಾಗ ಕಿರಿಕಿರಿ ಎನ್ನುತ್ತದೆ, ಬಿಗಿಯಾಗಿ ಕೂರುವಂತೆ ಮಾಡಿಸು ಎಂದೂ ಹೇಳಿದೆ. ಕೆಳದನಿಯಲ್ಲಿ ಕೊಂಚ ಕಡಿಮೆಯಾದರೆ ಆಗಲಿ. ತನಗೇ ಕೇಳದ ತುಂಬುದನಿಗಿಂತ ಕೇಳುವ ತೆಳುದನಿ ಮೇಲು.

ಆದರೆ ನಿಮ್ಮ ಮಟ್ಟಿಗೂ ಇದೇ ಉತ್ತರವಾಗಬೇಕಿಲ್ಲ. ಮನೆಯ ಕೋಣೆಯಲ್ಲಿ ಒಬ್ಬರೇ ನುಡಿಸುವವರು ಗೋಡೆಗೋ ಕಪಾಟಿಗೋ ಎದುರಾಗಿ ಕೂತು ನೋಡಿ. ಗೋಡೆಗೆ ಬಡಿದು ಬರುವ ದನಿಯಲ್ಲಿ ನಿಮ್ಮ ವಾದ್ಯದ ಗುಣ ಬಿಟ್ಟಿಯಾಗಿ ತಿಳಿಯುತ್ತದೆ. ಅದರಿಂದಲೇ ತೃಪ್ತಿಯಾದರೆ ಕೊರೆಸುವುದು ಏಕೆ? ಸಭೆಗೆ ದನಿ ಜೋರಾಗಿ ಕೇಳಲಿ ಎಂಬ ಆಸೆಯಿಂದ ಕೊರೆಸಿದರೆ ನಿರಾಶೆಯೇ ಗತಿ. ಬೇರೆಯವರ ವಾದ್ಯದಲ್ಲಿ ಕಂಡೆ, ಚೆಂದವಾಗಿತ್ತು ಎಂಬ ಕಾರಣವಾದರೆ ಪಕ್ಕೆಯ ಮೇಲೆ ಬಳ್ಳಿಯ ಚಿತ್ತಾರ ಕೆತ್ತಿಸಿ, ಅಪಾಯ ಕಡಿಮೆ. ನಿಮ್ಮ ಕುಶಲಕರ್ಮಿ ಹಿಂದೆ ಕಿಂಡಿ ಮಾಡಿದವನೆ ಎಂದು ವಿಚಾರಿಸಿ. ಮಾಡಿರದಿದ್ದರೆ ನಿಮ್ಮ ಉಳಿತಾಯದ ಮೇಲೆ ಆತ ಪಾಠ ಕಲಿಯುವುದು ಬೇಡ. ಆತ ಬೇಡವೆಂದರೆ ಏಕೆಂದು ಕೇಳಿ, ಕೇಳಿಸಿಕೊಳ್ಳಿ.

ಕೊನೆಯದಾಗಿ ಸಂಘದ ಹಿರಿಯರಿಗೂ ಒಂದು ಮಾತು, ಅವರೂ ಈ ಪುಟ ಓದುತ್ತಾರೆಂದು ಬಲ್ಲೆ. ಮಕ್ಕಳನ್ನು ಗುಂಪಿನಲ್ಲಿ ಹಾಡಿಸುವಾಗ, ಕನ್ನಡದಲ್ಲಿ ಮಾತಾಡಿಸುವಾಗ, ಹಿಂದಿನ ಸಾಲಿನವರಿಗೆ ಅವರ ದನಿ ಅವರಿಗೇ ಕೇಳುತ್ತಿದೆಯೇ ಎಂದು ಒಮ್ಮೆ ನಿಲ್ಲಿಸಿ ವಿಚಾರಿಸಿ. ಹಾರ್ಮೋನಿಯಮ್ಮನ್ನು ಎರಡು ಅಡಿ ಸರಿಸಿದರೆ, ಹತ್ತು ಜನರ ಬದಲು ಐವರನ್ನು ಒಟ್ಟಿಗೆ ನಿಲ್ಲಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ತಪ್ಪಿದ ಉಚ್ಚಾರಕ್ಕೆ ನಾವು ನಕ್ಕ ನಗೆ ಮಾತ್ರ ಅವರಿಗೆ ಚೆನ್ನಾಗಿಯೇ ಕೇಳುತ್ತದೆ.

ಮಕ್ಕಳೆ, ನಿಮ್ಮಲ್ಲಿ ಯಾರಾದರೂ ಹೀಗೆ ಚೀಲಕ್ಕೆ ಹಾಕಿಟ್ಟ ವಾದ್ಯವಿದ್ದರೆ ಈ ರಜೆಯಲ್ಲಿ ಹೊರಗೆ ತೆಗೆಯಿರಿ. ತಂತಿ ಬದಲಿಸಿ, ಗೋಡೆಗೆ ಎದುರಾಗಿ ಕೂತು ನುಡಿಸಿ ನೋಡಿ. ಏನು ಕೇಳಿಸಿತೆಂದು ನನಗೆ ಬರೆಯಿರಿ. ಕನ್ನಡದಲ್ಲಿ ನಾಲ್ಕೇ ಸಾಲಾದರೂ ಸರಿ, ಕಾಗುಣಿತ ತಪ್ಪಿದರೂ ಸರಿ.