ಚದರದ ಲೆಕ್ಕವೂ ಹಳೆಯ ಮನೆಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿಹೋದರು. ಇದ್ದ ಮನೆಯನ್ನು ರಿಪೇರಿ ಮಾಡಿ ನೋಡು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯ ಬಿದ್ದಿರಲಾರದು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು, ಹಬ್ಬಕ್ಕೆ ಸುಣ್ಣ ಬಳಿಯುವುದು, ಗೆದ್ದಲು ಕಂಡ ಕೂಡಲೇ ಒಂದು ರೀಪು ಬದಲಾಯಿಸುವುದು—ಇವೆಲ್ಲ ಮನೆಯ ವಾರ್ಷಿಕ ಖರ್ಚಿನಲ್ಲೇ ಸೇರಿಹೋಗುತ್ತಿದ್ದ ಬಾಬ್ತುಗಳು. ಈಗ ರಿಪೇರಿಯೆಂಬುದು ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ ಬರುವ ಮಹಾಯಜ್ಞವಾಗಿದೆ. ಅದಕ್ಕೊಂದು ಸಾಲ, ಒಬ್ಬ ಕಂಟ್ರಾಕ್ಟರು, ಒಂದು ಅಂದಾಜುಪಟ್ಟಿ. ಈ ಅಂದಾಜುಪಟ್ಟಿಯ ಮೇಲೆಯೇ ನನ್ನ ತಕರಾರು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ—ಈ ನಾಲ್ಕು ತಾಲ್ಲೂಕುಗಳಲ್ಲಿ ನನ್ನ ನೆಂಟರೂ ಶಿಷ್ಯರೂ ಹರಡಿಕೊಂಡಿದ್ದಾರೆ. “ಮೇಷ್ಟ್ರೇ, ಒಂದು ಸಲ ಕಣ್ಣಾಡಿಸಿ” ಎಂದು ಅವರು ಮುಂದಿಟ್ಟ ಪಟ್ಟಿಗಳನ್ನು ಸಾಕಷ್ಟು ನೋಡಿದ್ದೇನೆ. ಎಲ್ಲವೂ ಒಂದೇ ಅಚ್ಚಿನವು. ಮನೆ ಇಷ್ಟು ಚದರ, ಚದರಕ್ಕೆ ಇಷ್ಟು ರೂಪಾಯಿ, ಒಟ್ಟು ಇಷ್ಟು. ಬರಿಯ ನಿವೇಶನದ ಮೇಲೆ ಹೊಸದಾಗಿ ಕಟ್ಟುವವನಿಗೆ ಈ ಲೆಕ್ಕ ಸರಿಯಿರಬಹುದು. ನಿಂತಿರುವ ಮನೆಗೆ ಇದನ್ನು ಅನ್ವಯಿಸುವುದು, ಕಾಯಿಲೆಯವನಿಗೆ ತೂಕ ನೋಡಿ ಔಷಧದ ಬೆಲೆ ಹೇಳಿದಂತೆ. ರೋಗ ಎಲ್ಲಿದೆಯೆಂದು ಯಾರೂ ಕೇಳುವುದಿಲ್ಲ.

ಚದರದ ಲೆಕ್ಕದ ಮೊದಲನೆಯ ಅನ್ಯಾಯವೆಂದರೆ ಅದು ಇರುವುದನ್ನು ಸೊನ್ನೆಯೆಂದು ಭಾವಿಸುತ್ತದೆ. ತೊಟ್ಟಿಯ ಸುತ್ತಲಿನ ಕಂಬ, ಬೋದಿಗೆ, ತೊಲೆ, ಜಂತೆ, ಬಾಗಿಲುವಾಡ, ಕಲ್ಲುಚಪ್ಪಡಿ ಯಾವುದಕ್ಕೂ ಪಟ್ಟಿಯಲ್ಲಿ ಕಾಲಂ ಇಲ್ಲ. ನಾಗಮಂಗಲದ ಕಡೆಯ ನನ್ನ ಪರಿಚಯದ ಒಂದು ಮನೆಯಲ್ಲಿ ಮರಮುಟ್ಟನ್ನೆಲ್ಲ ಕೆಡವುವ ಕೂಲಿಗೆ ಸಮವೆಂದು ಲೆಕ್ಕ ಹಾಕಿ, ಒಂದೇ ದಿನದಲ್ಲಿ ಲಾರಿಗೆ ತುಂಬಿ ಕಳಿಸಿದರು. ಮರುವಾರ ಹೊಸ ಬಾಗಿಲುಗಳಿಗೆ ಮರ ಕೊಳ್ಳಲು ಅದೇ ಮನೆಯವರು ಸಾಲದ ಹಣ ಎಣಿಸಿದರು. ಅಂಥ ಕಂಬಗಳೇ ಬೆಂಗಳೂರಿನ ಹೋಟೆಲುಗಳಲ್ಲಿ ಅಲಂಕಾರವಾಗಿ ನಿಂತು ಗಿರಾಕಿಗಳನ್ನು ಕರೆಯುತ್ತಿರುತ್ತವೆ.

ಹಳೆಯ ಮರದ ಬೆಲೆ ತಿಳಿದವರು ಯಾವ ಕಾಲಕ್ಕೂ ಇದ್ದಾರೆ. ಮನೆಯ ಯಜಮಾನನಿಗೆ ಮಾತ್ರ ತಿಳಿಯದು. ೧೭೯೯ರಲ್ಲಿ ಶ್ರೀರಂಗಪಟ್ಟಣ ಇಂಗ್ಲಿಷರ ವಶವಾದ ಮೇಲೆ ಟಿಪ್ಪುವಿನ ಅರಮನೆ ಲಾಲ್ ಮಹಲ್ ನೆಲಸಮವಾಯಿತು. ಅದರ ತೊಲೆಗಳು ಸೌದೆಯಾಗಲಿಲ್ಲ. ನೀಲಗಿರಿಯ ಘಟ್ಟವೇರಿ, ೧೮೩೦ರ ಹೊತ್ತಿಗೆ ಉದಕಮಂಡಲದ ಸಂತ ಸ್ಟೀಫನ್ನರ ಇಗರ್ಜಿಯ ಮಾಡಿಗೆ ಆಧಾರವಾದವು. ಗೆದ್ದ ಅರಮನೆಯನ್ನು ಕೆಡವಿದವರು ಕೂಡ ಮರವನ್ನು ಎಣಿಸಿಟ್ಟುಕೊಂಡರು. ನಾವು ನಮ್ಮ ಮನೆಯನ್ನೇ ಕೆಡವಿ ಅಷ್ಟನ್ನೂ ಮಾಡುವುದಿಲ್ಲ. ಅದೇ ಪಟ್ಟಣದಲ್ಲಿ ಜೋಡಿ ರೈಲುಮಾರ್ಗಕ್ಕೆ ಅಡ್ಡ ಬಂದ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು ೨೦೧೭ರಲ್ಲಿ ಕೋಟಿಗಟ್ಟಲೆ ಖರ್ಚು ಮಾಡಿ, ಇಡಿಯಾಗಿ ಎತ್ತಿ, ಸರಿಸಿ ಇಟ್ಟರು. ಇಟ್ಟಿಗೆ ಗಾರೆಯ ಕಟ್ಟಡಕ್ಕೆ ಎಷ್ಟು ಕಸುವಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಎರಡನೆಯ ಅನ್ಯಾಯ, ಚದರಕ್ಕೆ ಊರಿನ ಗುಣ ತಿಳಿಯದು. ಶ್ರೀರಂಗಪಟ್ಟಣವನ್ನು ಸುತ್ತುವರಿದಿರುವುದು ಕಾವೇರಿ; ಪಾಂಡವಪುರದ ಬಯಲಿನಲ್ಲಿ ನಾಲೆಯ ನೀರು. ಅಲ್ಲಿ ಗೋಡೆಯ ಶತ್ರು ತೇವ. ನಾಗಮಂಗಲ ಮಳೆಯನ್ನೂ ಕೆರೆಯನ್ನೂ ನಂಬಿದ ಒಣಸೀಮೆ. ಅಲ್ಲಿ ಮಣ್ಣಿನ ಗೋಡೆ ತಲೆಯ ಮೇಲೆ ಮಾಡು, ಕೆಳಗೆ ಗಟ್ಟಿ ಕಲ್ಲಿನ ಬುನಾದಿ ಇರುವವರೆಗೆ ಚಿಂತೆಯಿಲ್ಲದೆ ನಿಲ್ಲುತ್ತದೆ. ಎರಡಕ್ಕೂ ಒಂದೇ ದರ, ಎರಡಕ್ಕೂ ಒಂದೇ ಸಿಮೆಂಟಿನ ಗಿಲಾವು! ಸುಣ್ಣದ ಗಾರೆಯ ಗೋಡೆಯಾಗಲಿ ಮಣ್ಣಿನ ಗೋಡೆಯಾಗಲಿ ಒಳಗಿನ ತೇವವನ್ನು ಹೊರಕ್ಕೆ ಬಿಟ್ಟು ಒಣಗುವ ಸ್ವಭಾವದ್ದು. ಅದಕ್ಕೆ ಸಿಮೆಂಟು ಮೆತ್ತಿದರೆ ತೇವ ಹೊರಬರಲಾರದೆ ಒಳಗೇ ಕೂತು, ಎರಡು ಮೂರು ಮಳೆಗಾಲದಲ್ಲಿ ಗಿಲಾವು ಹೊಪ್ಪಳಿಕೆ ಏಳುತ್ತದೆ. “ಹಳೆಯ ಗೋಡೆ ಸಾರ್, ಕೆಡವಿಬಿಡೋಣ” ಎಂಬ ತೀರ್ಪು ಆಗ ಬರುತ್ತದೆ. ರೋಗ ತಂದವರೇ ಮರಣಪತ್ರ ಬರೆದುಕೊಟ್ಟಂತಾಯಿತು.

ಕೆಡವುವ ಮುನ್ನ ಶ್ರೀರಂಗಪಟ್ಟಣದವರು ಇನ್ನೂ ಒಂದು ಮಾತು ಯೋಚಿಸಬೇಕು. ೨೦೧೦ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾನೂನಿನಂತೆ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ ೧೦೦ ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಇದ್ದ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು, ಅಷ್ಟೆ. ಅದರಾಚೆ ೨೦೦ ಮೀಟರಿನವರೆಗೂ ಅನುಮತಿಯಿಲ್ಲದೆ ಕೈಹಾಕುವಂತಿಲ್ಲ. ಅಲ್ಲಿ ದುಡುಕಿ ಕೆಡವಿದವನಿಗೆ ಮನೆಯೂ ಇಲ್ಲ, ನಿವೇಶನವೂ ಇಲ್ಲ. ಈ ಅನುಮತಿಗೆ ಹಿಡಿಯುವ ಕಾಲ, ಅಷ್ಟು ದಿನದ ಬಾಡಿಗೆ ಎರಡೂ ಅಂದಾಜಿನಲ್ಲಿ ಬರಬೇಕು. ನಾನು ನೋಡಿದ ಒಂದು ಪಟ್ಟಿಯಲ್ಲೂ ಅವು ಇರಲಿಲ್ಲ.

ಕಂಟ್ರಾಕ್ಟರುಗಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಸರ್ಕಾರದ ಲೆಕ್ಕವೂ ಹಾಗೆಯೇ ಇದೆ. ಆದಾಯ ತೆರಿಗೆಯ ಹಳೆಯ ಪದ್ಧತಿಯನ್ನು ಆರಿಸಿಕೊಂಡವನು ತಾನಿರುವ ಮನೆಯನ್ನು ಸಾಲ ಮಾಡಿ ಕೊಂಡಿದ್ದರೆ ಅಥವಾ ಕಟ್ಟಿದ್ದರೆ ಬಡ್ಡಿಯಲ್ಲಿ ವರ್ಷಕ್ಕೆ ೨,೦೦,೦೦೦ ರೂಪಾಯಿಯವರೆಗೆ ವಿನಾಯಿತಿ. ರಿಪೇರಿ ಮಾಡಿದ್ದರೆ ೩೦,೦೦೦ ರೂಪಾಯಿ ಮಾತ್ರ. ಹೊಸ ಪದ್ಧತಿಯವರಿಗೆ ಎರಡೂ ಇಲ್ಲ. ಇದ್ದದ್ದನ್ನು ಉಳಿಸಿಕೊಂಡವನಿಗಿಂತ ಹೊಸದನ್ನು ಕಟ್ಟಿದವನೇ ಜಾಣನೆಂದು ಕಾನೂನೇ ಬೆನ್ನು ತಟ್ಟಿದಂತಾಗಲಿಲ್ಲವೆ? ಹೊಸ ಮನೆಯ ಜಲ್ಲಿ ಆಕಾಶದಿಂದ ಉದುರುವುದಿಲ್ಲ. ಪಾಂಡವಪುರದ ಬೇಬಿ ಬೆಟ್ಟದ ಕಲ್ಲುಗಣಿಗಳಿಂದ ಕನ್ನಂಬಾಡಿ ಕಟ್ಟೆಗೇ ಅಪಾಯವೆಂಬ ಕೂಗೆದ್ದು, ೨೦೨೪ರ ಜನವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಕಟ್ಟೆಯ ಸುತ್ತ ೨೦ ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ತಡೆಯಿತು. ನಮ್ಮ ಹಳೆಯ ಗೋಡೆಯ ಕಲ್ಲಿಗಾದರೋ ಅಜ್ಜನ ಕಾಲದಲ್ಲೇ ಹಣ ಸಂದಾಯವಾಗಿದೆ.

“ನಿಮಗೇನು, ಕಾವ್ಯ ಓದುವವರು, ತೊಟ್ಟಿಮನೆಯ ಕತ್ತಲಲ್ಲಿ ಒಲೆ ಊದಿದವರನ್ನು ಕೇಳಿ” ಎಂದು ಯಾರಾದರೂ ಹೇಳಬಹುದು. ಈ ಆಕ್ಷೇಪಣೆಗೆ ನಾನು ತಲೆಬಾಗುತ್ತೇನೆ. ಹಳೆಯ ಅಡಿಗೆಮನೆಯ ಹೊಗೆ, ನಡುರಾತ್ರಿ ಮಳೆಯಲ್ಲಿ ನೆನೆದು ಹಿತ್ತಿಲಿನ ಕಕ್ಕಸಿಗೆ ಹೋಗಬೇಕಾದ ಮುದುಕರ ಪಾಡು, ಇವುಗಳಲ್ಲಿ ಯಾವ ಕಾವ್ಯವೂ ಇಲ್ಲ. ಹಾಗಾದರೆ ಹಣ ಮೊದಲು ಅಲ್ಲಿಗೇ ಹೋಗಬೇಕಾಗಿತ್ತಲ್ಲ? ಹೋಗುತ್ತಿರುವುದೆಲ್ಲಿಗೆ? ಬೀದಿಗೆ ಕಾಣುವ ಮುಖಕ್ಕೆ, ಹಜಾರದ ಸುಳ್ಳು ಚಾವಣಿಗೆ, ಕನ್ನಡಿಯಂತೆ ಹೊಳೆಯುವ ನೆಲಕ್ಕೆ, ಗೃಹಪ್ರವೇಶದ ಊಟಕ್ಕೆ. ಬಚ್ಚಲಿನ ಸರದಿ ಬರುವಷ್ಟರಲ್ಲಿ ಹಣ ಮುಗಿದಿರುತ್ತದೆ. ಮುದುಕಿ ಆ ಹೊಳೆಯುವ ನೆಲದ ಮೇಲೆ ಗೋಡೆ ಹಿಡಿದುಕೊಂಡು, ಅದೇ ಹಳೆಯ ಬಚ್ಚಲಿಗೆ ನಡೆಯುತ್ತಾಳೆ. ಸುಧಾರಣೆಯ ಹೆಸರಿನಲ್ಲಿ ಸಾಲ ಮಾಡಿ, ಸುಧಾರಿಸಬೇಕಾದುದನ್ನೇ ಕೈಬಿಡುವ ಲೆಕ್ಕವಿದು.

ಹಾಗಾದರೆ ಸರಿಯಾದ ಅಂದಾಜು ಯಾವುದು? ಮೊದಲು ಇರುವುದರ ಪಟ್ಟಿ: ಎಷ್ಟು ಕಂಬ, ಎಷ್ಟು ತೊಲೆ, ಯಾವುದು ಗಟ್ಟಿ, ಯಾವುದು ಗೆದ್ದಲು ತಿಂದದ್ದು. ಬಿಚ್ಚಲೇಬೇಕಾದರೆ ನಂಬರು ಹಾಕಿ ಬಿಚ್ಚಬೇಕು. ಕನ್ನಂಬಾಡಿಯ ಮುಳುಗಡೆಯಾದ ವೇಣುಗೋಪಾಲ ದೇವಾಲಯದ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಲಿಲ್ಲವೆ? ಒಂದು ದೇವಾಲಯಕ್ಕೆ ಸಾಧ್ಯವಾದದ್ದು ಹತ್ತು ಕಂಬದ ಹಜಾರಕ್ಕೆ ಅಸಾಧ್ಯವೇನಲ್ಲ. ಎರಡನೆಯದು ನೀರು: ಮಾಡು ಸೋರಬಾರದು, ಗೋಡೆಯ ಬುಡದಲ್ಲಿ ನೀರು ನಿಲ್ಲಬಾರದು, ಇದು ಮುಗಿಯುವವರೆಗೆ ಬಣ್ಣದ ಮಾತೇ ಬೇಡ. ಮೂರನೆಯದು ಬಚ್ಚಲು, ಅಡಿಗೆಮನೆ, ವಿದ್ಯುತ್ತಿನ ತಂತಿ. ನಾಲ್ಕನೆಯದು ಮೀಸಲು. ಹಳೆಯ ಗೋಡೆಯ ಒಳಗೇನಿದೆಯೆಂದು ಒಡೆಯುವವರೆಗೆ ಬ್ರಹ್ಮನಿಗೂ ಗೊತ್ತಿಲ್ಲ; ಆದ್ದರಿಂದ ಐದು ರೂಪಾಯಿಗೆ ಒಂದು ರೂಪಾಯಿಯನ್ನು ಮುಟ್ಟದೆ ಇಡಬೇಕೆಂದು ನನ್ನ ಅಭಿಪ್ರಾಯ. ಬೆಲೆಯೂ ಒಂದೇ ಸಮ ಇರುವುದಿಲ್ಲ. ಸಿಮೆಂಟಿನ ತೆರಿಗೆ ೨೦೨೫ರ ಸೆಪ್ಟೆಂಬರಿನಲ್ಲಿ ಶೇಕಡ ೨೮ರಿಂದ ೧೮ಕ್ಕೆ ಇಳಿಯಿತು. ಅದಕ್ಕೆ ಮುಂಚೆ ಬರೆದ ಪಟ್ಟಿಯನ್ನೇ ಹಿಡಿದು ಹಣ ಕೊಟ್ಟವರಿಗೆ ಆ ಇಳಿತ ದಕ್ಕಲಿಲ್ಲ. ಪಟ್ಟಿಗೆ ತಾರೀಖು ಇರಲಿ. ಅಲಂಕಾರ ಕೊನೆಗೆ ಬರಲಿ, ಹಣ ಉಳಿದರೆ.

ಇಂಥ ಪಟ್ಟಿ ಬರೆಯಲು ಕಂಟ್ರಾಕ್ಟರಿಗೆ ಒಂದು ದಿನ ಹೆಚ್ಚು ಹಿಡಿದೀತು. ಅದಕ್ಕೆ ಬೇರೆ ಸಂಬಳ ಕೇಳಿದರೆ ಕೊಡುವುದೇ ನ್ಯಾಯ. “ಅದೆಲ್ಲ ಬೇಡಿ ಸಾರ್, ಚದರಕ್ಕೆ ಮಾತಾಡೋಣ” ಎಂದವನಿಗೆ ಮಾತ್ರ ಒಂದು ಲೋಟ ಕಾಫಿ ಕೊಟ್ಟು ಕಳಿಸಿಬಿಡಿ. ತೊಲೆ ಜಂತೆಗಳನ್ನು ಕೈಯಿಂದ ತಟ್ಟಿ ನೋಡಿ ಲೆಕ್ಕ ಹೇಳಬಲ್ಲ ಬಡಗಿಗಳು, ಗಾರೆಯವರು ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರಿಗೆ ಕೆಲಸ ಸಿಕ್ಕರೆ ಮಕ್ಕಳಿಗೆ ಕಸುಬು ಕಲಿಸಿಯಾರು. ಸಿಕ್ಕದಿದ್ದರೆ ಮುಂದಿನ ಮಳೆಗಾಲದಲ್ಲಿ ಹೆಂಚು ಕೈಯಾಡಿಸಲು ಕರೆದರೂ ಯಾರೂ ಬರುವುದಿಲ್ಲ.