ಬೆನ್ನುಹುರಿಯೂ ಹಣೆಬರಹವೂ



‘ಬೆನ್ನುಹುರಿ ಹೋಯಿತೆಂದರೆ ಮುಗಿಯಿತು, ಇನ್ನು ಅವನ ಹಣೆಬರಹ’ ಎಂಬ ಮಾತನ್ನು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ನಾನು ಎಷ್ಟು ಸಲ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಈ ಮಾತು ಸುಳ್ಳು. ಅದು ಸುಳ್ಳೆಂದು ರುಜುವಾತಾಗಿಯೇ ಎಂಬತ್ತು ವರ್ಷಗಳಾದುವು.

ರುಜುವಾತು ಮಾಡಿದವರು ನರವಿಜ್ಞಾನಿ ಲುಡ್ವಿಗ್ ಗುಟ್ಮನ್. 1899ರಲ್ಲಿ ಜರ್ಮನಿಯ ಯಹೂದಿ ಮನೆತನದಲ್ಲಿ ಜನಿಸಿದ ಇವರು 1917ರಲ್ಲಿ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕರಾಗಿದ್ದಾಗ ಬೆನ್ನು ಮುರಿದ ಗಣಿ ಕಾರ್ಮಿಕನೊಬ್ಬನನ್ನು ಕಂಡರು. ಕೆಲವೇ ವಾರಗಳಲ್ಲಿ ಸಾಯುವವನೆಂದು ವೈದ್ಯರು ಅವನ ಕೈಬಿಟ್ಟಿದ್ದರು. ಅವನು ಐದೇ ವಾರಗಳಲ್ಲಿ ಸತ್ತ. ಮುಂದೆ ಬ್ರೆಸ್ಲೌ ನಗರದಲ್ಲಿ ಫೋರ್ಸ್ಟರ್ ಅವರ ಶಿಷ್ಯರಾಗಿ ಹೆಸರು ಮಾಡಿದ ಗುಟ್ಮನ್, 1939ರಲ್ಲಿ ನಾಜಿಗಳ ಕೈಯಿಂದ ಪಾರಾಗಿ ಇಂಗ್ಲೆಂಡಿಗೆ ಬಂದರು. ಆಕ್ಸ್‌ಫರ್ಡಿನಲ್ಲಿ ನರಗಳ ಕುರಿತು ಸಂಶೋಧನೆ ನಡೆಸಿ, 1944ರಲ್ಲಿ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯ ಬೆನ್ನುಹುರಿ ವಿಭಾಗದ ಹೊಣೆ ಹೊತ್ತರು.

ಅವರು ತುಂಡಾದ ಹುರಿಯನ್ನು ಜೋಡಿಸಲಿಲ್ಲ. ಅದು ಇಂದಿಗೂ ಯಾರಿಂದಲೂ ಸಾಧ್ಯವಾಗಿಲ್ಲ. ರೋಗಿಗಳನ್ನು ಕೊಲ್ಲುತ್ತಿದ್ದುದು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು ಎಂಬುದನ್ನು ಹಿಡಿದು ಹೋರಾಡಿದರು, ಅಷ್ಟೆ. ಸ್ಪರ್ಶವಿಲ್ಲದ ದೇಹಕ್ಕೆ ಒತ್ತಿದ್ದು ತಿಳಿಯದು. ಒತ್ತಿದಲ್ಲಿ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಆದ್ದರಿಂದ ಹಗಲಿರುಳೂ ಎರಡು ಗಂಟೆಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸಬೇಕೆಂದು ಕಟ್ಟುನಿಟ್ಟು ಮಾಡಿದರು. ಸಾಯಬೇಕಿದ್ದವರು ಬದುಕಿದರು, ಉದ್ಯೋಗಕ್ಕೆ ಹೋದರು, 1948ರಲ್ಲಿ ಗಾಲಿಕುರ್ಚಿಯಲ್ಲೇ ಕುಳಿತು ಬಿಲ್ವಿದ್ಯೆಯಲ್ಲಿ ಸ್ಪರ್ಧಿಸಿದರು. ಪ್ಯಾರಾಲಿಂಪಿಕ್ಸಿನ ಮೂಲ ಅದೇ. ನಮ್ಮ ಗಡಿಯಾಚೆಯ ಸಾಂಗ್ಲಿಯ ಮುರಳಿಕಾಂತ ಪೇಟ್ಕರ್, 1965ರ ಯುದ್ಧದಲ್ಲಿ ಗುಂಡೇಟು ತಿಂದು ನಡೆಯಲಾರದಾದವರು, 1972ರಲ್ಲಿ ಅದೇ ಕ್ರೀಡಾಕೂಟದಲ್ಲಿ ಈಜಿ ಚಿನ್ನ ತಂದರು.

ನಮ್ಮಲ್ಲಿ ನಡೆಯುವುದೇನು? ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿದವನು ನಿದ್ದೆಗಣ್ಣಲ್ಲಿ ಕೆಳಗೆ ಬೀಳುತ್ತಾನೆ. ತೊಗರಿ ಹೇರಿದ ಟ್ರ್ಯಾಕ್ಟರ್ ಮಗುಚುತ್ತದೆ. ನಾಲ್ಕು ಜನ ಕೈಕಾಲು ಹಿಡಿದೆತ್ತಿ ಟಂಟಂನಲ್ಲಿ ಕೂರಿಸಿಕೊಂಡು ಓಡುತ್ತಾರೆ. ಅರ್ಧ ಉಳಿದಿದ್ದ ಹುರಿಯೂ ಅಲ್ಲೇ ಹೋಗಬಹುದು. ಬಳಿಕ ‘ಮನೆಗೆ ಕರೆದೊಯ್ಯಿರಿ’ ಎಂಬ ಅಪ್ಪಣೆ. ನನ್ನ ಶಿಷ್ಯನೊಬ್ಬ ಹೀಗೆಯೇ ಮನೆ ಸೇರಿ, ಮಗ್ಗುಲು ಬದಲಿಸಬೇಕೆಂದು ಹೇಳುವವರಿಲ್ಲದೆ, ಸೊಂಟದ ಹುಣ್ಣಿನಿಂದ ತೀರಿಕೊಂಡ. ಇದಕ್ಕೆ ಹಣೆಬರಹವೆನ್ನಲು ನಾನೊಪ್ಪೆ.

‘ಗುರುಗಳೇ, ಈಗ ಕಾಂಡಕೋಶ ಚಿಕಿತ್ಸೆ ಬಂದಿದೆಯಲ್ಲ’ ಎನ್ನುವವರಿದ್ದಾರೆ. ಬೆನ್ನುಹುರಿಯ ಪೆಟ್ಟಿಗೆ ಅದನ್ನು ಅನುಮತಿ ಪಡೆದ ಪ್ರಯೋಗದ ಹೊರಗೆ ನೀಡಕೂಡದೆಂದು 2017ರ ರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಅದಕ್ಕಾಗಿ ಎರೆ ಹೊಲ ಮಾರುವುದು ಮೂರ್ಖತನ; ಮಾರಿಸುವುದು ಮೋಸ. ಸಂಶೋಧನೆ ನಡೆಯಲಿ, ನಾನು ವಿಜ್ಞಾನ ವಿರೋಧಿಯಲ್ಲ. ಆದರೆ ಎಂಬತ್ತು ವರ್ಷಗಳ ಹಿಂದಿನ ವಿದ್ಯೆಯೇ ಹಳ್ಳಿಯ ಮನೆಗಳಿಗೆ ತಲುಪದಿರುವಾಗ ನಾಳಿನ ಪವಾಡದ ಮಾತೇಕೆ? ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಮನೆಯವರಿಗೆ ಮಗ್ಗುಲು ಬದಲಿಸುವುದನ್ನು, ಮೂತ್ರನಳಿಕೆಯ ಶುಚಿತ್ವವನ್ನು ಕಲಿಸುವ ಒಬ್ಬ ದಾದಿ ಇರಲಿ. ಜನಪ್ರತಿನಿಧಿಗಳು ಮತ ಕೇಳಲು ಬಂದಾಗ ಇದನ್ನೇ ಕೇಳಿರಿ.

ಅಲ್ಲಿಯವರೆಗೆ, ಬಿದ್ದವನನ್ನು ಕೂರಿಸಬೇಡಿ, ಕತ್ತು ತಿರುಗಿಸಬೇಡಿ. 108ಕ್ಕೆ ಕರೆ ಮಾಡಿ; ಬರುವ ತನಕ ತಲೆ, ಬೆನ್ನು ಅಲುಗದಂತೆ ನೋಡಿಕೊಳ್ಳಿ.